ಇಟ್ಟಿಗೆಯ ದಿನ, ಮನ್ನದ ದಿನ

ಪ್ರಶ್ನೆ: ನನಗೆ 41 ವರ್ಷ. ಚಿಕ್ಕಂದಿನಿಂದಲೂ ಕ್ರೈಸ್ತ ಸಭೆಯಲ್ಲೇ ಬೆಳೆದವಳು. ಬೆಳಗ್ಗೆ ಏಳುವುದು, ಅಡುಗೆ, ಮಕ್ಕಳನ್ನು ಶಾಲೆಗೆ ಹೊರಡಿಸುವುದು, ಕಚೇರಿ, ಮತ್ತೆ ಅಡುಗೆ, ನಿದ್ದೆ. ಮರುದಿನ ಪುನಃ ಅದೇ. ಈಚೆಗೆ ಭಾನುವಾರದ ಆರಾಧನೆಯೂ ಈ ಸಾಲಿಗೇ ಸೇರಿಬಿಟ್ಟಿದೆ: ಅದೇ ಪ್ರಾರ್ಥನೆ, ಅದೇ ಪಾಪದ ಅರಿಕೆ, ಅದೇ ಕ್ಷಮೆ, ಸೋಮವಾರ ಮಕ್ಕಳ ಮೇಲೆ ಅದೇ ಸಿಡುಕು. ಪ್ರಸಂಗಿಯ ಪುಸ್ತಕದಲ್ಲಿ ‘ಸಮಸ್ತವೂ ವ್ಯರ್ಥ’ ಎಂದು ಓದಿದಾಗ, ನನ್ನ ಮನಸ್ಸಿನಲ್ಲಿರುವುದನ್ನೇ ಯಾರೋ ಬರೆದಿಟ್ಟಿದ್ದಾರೆ ಅನ್ನಿಸಿತು. ಇದು ಅವಿಶ್ವಾಸವೇ? ಕ್ರಿಸ್ತನನ್ನು ನಂಬಿದವರ ಬದುಕೂ ಗಾಣದೆತ್ತಿನ ಸುತ್ತಾಟವೇ ಆದರೆ ನಂಬಿಕೆಯಿಂದ ಬದಲಾಗುವುದಾದರೂ ಏನು? ಒಳಗೆ ಯಾವ ಭಾವನೆಯೂ ಇಲ್ಲದೆ ಪ್ರಾರ್ಥನೆಯ ಮಾತುಗಳನ್ನು ಹೇಳುತ್ತಾ ಹೋಗುವುದು ಕಪಟವಲ್ಲವೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಸುಲಭವಾದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಅವಿಶ್ವಾಸವಲ್ಲ. ಈ ದಣಿವನ್ನು ಬಾಯಿಬಿಟ್ಟು ಹೇಳುವುದೇ ಅವಿಶ್ವಾಸವಾಗಿದ್ದರೆ ಪ್ರಸಂಗಿಯ ಪುಸ್ತಕಕ್ಕೆ ಸತ್ಯವೇದದಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಆ ಪುಸ್ತಕ ಶುರುವಾಗುವುದೇ ಸುತ್ತಾಟದ ಚಿತ್ರದಿಂದ: ಒಂದು ತಲೆಮಾರು ಹೋಗುತ್ತದೆ, ಇನ್ನೊಂದು ಬರುತ್ತದೆ, ಗಾಳಿ ತಿರುತಿರುಗಿ ತನ್ನ ಸುತ್ತಿಗೇ ಮರಳುತ್ತದೆ, ನದಿಗಳೆಲ್ಲ ಸಮುದ್ರಕ್ಕೆ ಹರಿದರೂ ಸಮುದ್ರ ತುಂಬುವುದಿಲ್ಲ. ಸೂರ್ಯನ ಬಗ್ಗೆ ಅಲ್ಲಿ ಬಂದಿರುವ ಹೀಬ್ರೂ ಕ್ರಿಯಾಪದಕ್ಕೆ ಏದುಸಿರು ಬಿಡುವುದು ಎಂಬ ಅರ್ಥವೂ ಇದೆ. ಮುಳುಗಿದ ಸೂರ್ಯ ನಾಳೆ ಮತ್ತೆ ಮೂಡಬೇಕಲ್ಲ ಎಂದು ಏದುಸಿರು ಬಿಡುತ್ತಾ ತನ್ನ ಸ್ಥಳಕ್ಕೆ ಓಡುತ್ತಾನೆ. ರಾತ್ರಿ ಹನ್ನೊಂದಕ್ಕೆ ನಾಳೆಯ ಬುತ್ತಿಯ ಯೋಚನೆ ಮಾಡುತ್ತಾ ಮಲಗುವವರಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಅನುವಾದದಲ್ಲಿ ‘ವ್ಯರ್ಥ’ ಎಂದಿರುವ ಕಡೆ ಮೂಲದಲ್ಲಿರುವ ಪದ ‘ಹೆವೆಲ್’. ಈ ಪದ ಆ ಪುಟ್ಟ ಪುಸ್ತಕದಲ್ಲಿ ಸುಮಾರು 38 ಬಾರಿ ಬರುತ್ತದೆ. ಅದರ ಮೂಲಾರ್ಥ ಉಸಿರು, ಆವಿ. ಕನ್ನಡಿಯ ಮೇಲೆ ಉಸಿರುಬಿಟ್ಟರೆ ಮೂಡುವ ಮಂಜು ಸುಳ್ಳಲ್ಲ, ಅದು ನಿಜವಾಗಿಯೂ ಅಲ್ಲಿದೆ; ಆದರೆ ಬೆರಳಿನಿಂದ ಹಿಡಿಯಹೋದರೆ ಸಿಗುವುದಿಲ್ಲ. ಆದಿಕಾಂಡದಲ್ಲಿ ಅಣ್ಣನ ಕೈಯಲ್ಲಿ ಸತ್ತ ಹೇಬೆಲನ ಹೆಸರೂ ಇದೇ ಪದ. ಆದ್ದರಿಂದ ಪ್ರಸಂಗಿ ನಿಮ್ಮ ಅಡುಗೆಯನ್ನೂ ಕಚೇರಿಯ ಕೆಲಸವನ್ನೂ ಕಸವೆಂದು ತಳ್ಳಿಹಾಕುತ್ತಿಲ್ಲ. ಅವು ಕೈಯಲ್ಲಿ ನಿಲ್ಲುವುದಿಲ್ಲ, ಕೂಡಿಡಲು ಬರುವುದಿಲ್ಲ, ಅವುಗಳಿಂದ ನೀವು ಯಾರೆಂಬುದನ್ನು ಸಾಧಿಸಿ ತೋರಿಸಲು ಆಗುವುದಿಲ್ಲ ಎನ್ನುತ್ತಿದ್ದಾನೆ, ಅಷ್ಟೇ.

ಇಲ್ಲಿ ನನ್ನದೊಂದು ತಕರಾರು ಇದೆ. ಈ ಪುಸ್ತಕದ ಮೇಲೆ ಪ್ರಸಂಗ ಮಾಡುವ ನಾವು, ಅಂದರೆ ಸಭಾಪಾಲಕರು ಮತ್ತು ಬೋಧಕರು, ಮೊದಲ ಅಧ್ಯಾಯದ ನಿರಾಶೆಯನ್ನು ಓದಿ ನೇರವಾಗಿ ಹನ್ನೆರಡನೆಯ ಅಧ್ಯಾಯದ ಕೊನೆಯ ಎರಡು ವಚನಗಳಿಗೆ ಹಾರಿಬಿಡುತ್ತೇವೆ. ‘ದೇವರಿಗೆ ಭಯಪಡು, ಆತನ ಆಜ್ಞೆಗಳನ್ನು ಕೈಕೊಳ್ಳು’ ಎಂದು ಹೇಳಿ ಮುಗಿಸಿದರೆ ಕೇಳುವವರಿಗೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇನ್ನೊಂದು ಸೇರಿದಂತಾಗುತ್ತದೆ, ಅಷ್ಟೇ. ನಡುವಿನ ಅಧ್ಯಾಯಗಳಲ್ಲಿ ಒಂದು ಪಲ್ಲವಿ ಮತ್ತೆ ಮತ್ತೆ ಕೇಳಿಸುವುದನ್ನು ನಾವು ಗಮನಿಸುವುದಿಲ್ಲ. ಎರಡು, ಮೂರು, ಐದು, ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳಲ್ಲಿ ಸ್ವಲ್ಪ ಸ್ವಲ್ಪ ಬೇರೆ ಮಾತುಗಳಲ್ಲಿ ಅದು ಹೇಳುವುದಿಷ್ಟು: ಉಣ್ಣುವುದು, ಕುಡಿಯುವುದು, ಪಡುವ ಪ್ರಯಾಸದಲ್ಲಿ ಸುಖವನ್ನು ಕಾಣುವುದು ಮನುಷ್ಯನಿಗೆ ಒಳ್ಳೆಯದು, ಏಕೆಂದರೆ ಅದು ದೇವರ ಕೈಯಿಂದ ಬಂದ ವರ. ಸುತ್ತಾಟದಿಂದ ಹೊರಬೀಳುವ ದಾರಿಯನ್ನು ಪ್ರಸಂಗಿ ತೋರಿಸುವುದಿಲ್ಲ. ಅದೇ ಊಟ, ಅದೇ ಕೆಲಸ ಯಾರ ಕೈಯಿಂದ ಬರುತ್ತಿದೆ ಎಂಬ ಕಡೆಗೆ ನಮ್ಮ ಮುಖ ತಿರುಗಿಸುತ್ತಾನೆ.

‘ಯಾರ ಕೈಯಿಂದ’ ಎಂಬ ಈ ಮಾತಿನಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ ಎಂದು ನಾನು ನಂಬಿದ್ದೇನೆ. ಅದನ್ನು ಅತಿ ಸ್ಪಷ್ಟವಾಗಿ ಕಾಣಬೇಕಾದರೆ ವಿಮೋಚನಕಾಂಡದ ಎರಡು ಅಧ್ಯಾಯಗಳನ್ನು, ಐದನೆಯದನ್ನೂ ಹದಿನಾರನೆಯದನ್ನೂ, ಅಕ್ಕಪಕ್ಕದಲ್ಲಿಟ್ಟು ಓದಬೇಕು. ಐದನೆಯದರಲ್ಲಿ ಇಸ್ರಾಯೇಲ್ಯರು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿ ಇಟ್ಟಿಗೆ ಮಾಡುತ್ತಿದ್ದಾರೆ. ಮಣ್ಣಿಗೆ ಬೆರೆಸುವ ಹುಲ್ಲನ್ನು ಇನ್ನು ಕೊಡುವುದಿಲ್ಲ, ಅದನ್ನು ನೀವೇ ಹುಡುಕಿ ತರಬೇಕು, ಆದರೆ ದಿನದ ಇಟ್ಟಿಗೆಯ ಲೆಕ್ಕ ಒಂದೂ ಕಡಿಮೆಯಾಗಕೂಡದು ಎಂಬುದು ಅಲ್ಲಿನ ಅರಸ ಫರೋಹನ ಅಪ್ಪಣೆ. ಲೆಕ್ಕ ತಪ್ಪಿದರೆ ಮೇಲ್ವಿಚಾರಕರ ಬೆನ್ನಿಗೆ ಏಟು. ಇಂದು ಎಷ್ಟು ಮಾಡಿದರೂ ಅದು ನಾಳೆಗೆ ಲೆಕ್ಕಕ್ಕಿಲ್ಲ. ನಾಳೆ ಮತ್ತೆ ಸೊನ್ನೆಯಿಂದ ಆರಂಭ. ಬಿಡುವು ಕೇಳಿದವನಿಗೆ ಸಿಗುವ ಉತ್ತರ ‘ನೀವು ಮೈಗಳ್ಳರು’.

ಹದಿನಾರನೆಯ ಅಧ್ಯಾಯದ ಹೊತ್ತಿಗೆ ಅದೇ ಜನ ಅರಣ್ಯದಲ್ಲಿದ್ದಾರೆ. ಐಗುಪ್ತ ಬಿಟ್ಟು ಇನ್ನೂ ಎರಡನೆಯ ತಿಂಗಳ ಹದಿನೈದನೆಯ ದಿನ. ಇಲ್ಲಿಯೂ ಕೆಲಸ ದಿನದಿನದ್ದೇ: ಬೆಳಗ್ಗೆ ಎದ್ದು, ಬಿಸಿಲೇರುವ ಮೊದಲು ಬಗ್ಗಿ, ನೆಲದ ಮೇಲೆ ಬಿದ್ದಿರುವ ಮನ್ನವನ್ನು, ಅಂದರೆ ದೇವರು ಆಕಾಶದಿಂದ ಸುರಿಸಿದ ಆಹಾರವನ್ನು, ಕೂಡಿಸಬೇಕು. ತಲೆಗೆ ಒಂದು ಓಮೆರು, ನಮ್ಮ ಅಳತೆಯಲ್ಲಿ ಹೆಚ್ಚುಕಡಿಮೆ ಎರಡು ಲೀಟರು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗಿರಲಿ ಎಂದು ಎತ್ತಿಟ್ಟುಕೊಂಡವರ ಮನ್ನ ಹುಳಬಿದ್ದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು, ಏಳನೆಯ ದಿನ ಯಾರೂ ಬಗ್ಗಬೇಕಾಗಿಲ್ಲ. ಹೀಗೆ 40 ವರ್ಷ. ವಾರಕ್ಕೆ ಆರು ಬೆಳಗಿನಂತೆ ಲೆಕ್ಕ ಹಾಕಿದರೆ 12,000ಕ್ಕೂ ಹೆಚ್ಚು ಬೆಳಗು ಅದೇ ನೆಲ, ಅದೇ ಬಗ್ಗುವಿಕೆ, ಅದೇ ಬುಟ್ಟಿ.

ಹೊರಗಿನಿಂದ ನೋಡುವವನಿಗೆ ಎರಡರಲ್ಲೂ ಕಾಣುವುದು ಬಗ್ಗಿದ ಬೆನ್ನು ಮಾತ್ರ. ಆದರೆ ಇಟ್ಟಿಗೆಯ ದಿನದಲ್ಲಿ ಮನುಷ್ಯನ ಬೆಲೆ ಅವನು ಮುಗಿಸಿದ ಲೆಕ್ಕದಲ್ಲಿದೆ. ಮನ್ನದ ದಿನದಲ್ಲಿ ಬೆಲೆಯ ಪ್ರಶ್ನೆ ಮೊದಲೇ ತೀರ್ಮಾನವಾಗಿದೆ, ಏಕೆಂದರೆ ಆ ಜನ ಈಗಾಗಲೇ ಬಿಡುಗಡೆ ಹೊಂದಿದವರು. ಉಳಿದಿರುವುದು ಬದುಕಲು ಬೇಕಾದ್ದನ್ನು ಕೈಯೊಡ್ಡಿ ಪಡೆಯುವುದೊಂದೇ. ಒಂದೇ ಹೆಂಗಸು ಒಂದೇ ಒಲೆಯ ಮುಂದೆ ನಿಂತು ಮಾಡುವ ಒಂದೇ ಅಡುಗೆ ಒಂದು ದಿನ ಇಟ್ಟಿಗೆಯಾಗಿರಬಹುದು, ಇನ್ನೊಂದು ದಿನ ಮನ್ನವಾಗಿರಬಹುದು. ‘ಒಳ್ಳೆಯ ತಾಯಿ ಎನ್ನಿಸಿಕೊಳ್ಳಲು ಇವತ್ತಿನ ಲೆಕ್ಕ ಮುಗಿಸಬೇಕು’ ಎಂಬ ಒಳದನಿ ಕೇಳಿಸುವ ದಿನ ಫರೋಹ ಬಹಳ ದೂರದಲ್ಲಿಲ್ಲ. ನಿಮ್ಮ ಸೋಮವಾರದ ಸಿಡುಕಿಗೂ ಈ ಲೆಕ್ಕಕ್ಕೂ ನಂಟಿರಬಹುದೇ ಎಂದು ಒಮ್ಮೆ ಯೋಚಿಸಿ ನೋಡಿ. ಹುಲ್ಲು ಕೊಡದೆ ಇಟ್ಟಿಗೆ ಕೇಳುವ ಯಜಮಾನನ ಕೈಕೆಳಗೆ ದುಡಿಯುವವರು ತಮಗಿಂತ ಕೆಳಗಿರುವವರ ಮೇಲೆ ಕೂಗಾಡುವುದು ಹೊಸದೇನಲ್ಲ.

ಇನ್ನು ಎರಡು ಎಚ್ಚರಿಕೆಯ ಮಾತು. ಮೊದಲನೆಯದು, ಮನ್ನವೂ ಬೇಸರ ತರಿಸುತ್ತದೆ. ಅರಣ್ಯಕಾಂಡದ ಹನ್ನೊಂದನೆಯ ಅಧ್ಯಾಯದಲ್ಲಿ ಜನರು ‘ಈ ಮನ್ನ ಬಿಟ್ಟರೆ ನಮ್ಮ ಕಣ್ಣಿಗೆ ಬೇರೇನೂ ಬೀಳುತ್ತಿಲ್ಲ’ ಎಂದು ಅಳುತ್ತಾರೆ. ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿಗಳನ್ನೆಲ್ಲ ನೆನೆಯುತ್ತಾರೆ, ಇಟ್ಟಿಗೆಯನ್ನು ಮಾತ್ರ ಮರೆತಿದ್ದಾರೆ. ಬೇಸರ ಬಂತೆಂದ ಮಾತ್ರಕ್ಕೆ ಕೈಯಲ್ಲಿರುವುದು ದೇವರ ಕೊಡುಗೆಯಲ್ಲ ಎಂದು ಸಾಬೀತಾಗುವುದಿಲ್ಲ. ಕೊಡುಗೆ ದಿನಾ ಬರುತ್ತಿದೆ ಎಂಬುದಷ್ಟೇ ಸಾಬೀತಾಗುತ್ತದೆ. ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಇಟ್ಟಿಗೆಯ ದುಡಿಮೆಯಲ್ಲಿ ಸಿಕ್ಕಿಬಿದ್ದವರಿಗೆ ದೇವರು ‘ಇಟ್ಟಿಗೆಯಲ್ಲೇ ಅರ್ಥ ಕಂಡುಕೊಳ್ಳಿ’ ಎನ್ನಲಿಲ್ಲ. ಅವರ ಗೋಳನ್ನು ಕೇಳಿ ಹೊರಗೆ ಕರೆತಂದನು. ಮನೆಯಲ್ಲೋ ಕೆಲಸದಲ್ಲೋ ನಿಜವಾದ ಶೋಷಣೆ ನಡೆಯುತ್ತಿದ್ದರೆ, ತಾಳ್ಮೆಯ ವಚನಗಳನ್ನು ಹೇಳಿ ಅದನ್ನು ಮನ್ನವೆಂದು ಒಪ್ಪಿಸುವುದು ಸುವಾರ್ತೆಯಲ್ಲ. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ನನಗೆ ಕಾಣಲಿಲ್ಲ. ಇದ್ದರೆ ಮಾತ್ರ ಅದು ಬೇರೆಯೇ ಮಾತು, ಅದಕ್ಕೆ ಬೇರೆಯೇ ಬಗೆಯ ನೆರವು ಬೇಕು.

ಇಷ್ಟೆಲ್ಲ ಹಳೆಯ ಒಡಂಬಡಿಕೆಯಲ್ಲೇ ಇದೆಯಲ್ಲ, ಕ್ರಿಸ್ತನಿಂದ ಬದಲಾಗುವುದೇನು ಎಂದು ನೀವು ಕೇಳಬಹುದು. ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಒಂದು ಸಣ್ಣ ವಿವರವಿದೆ. ಪ್ರತಿಯೊಬ್ಬ ಯಾಜಕನೂ ದಿನದಿನವೂ ನಿಂತುಕೊಂಡು, ಪಾಪವನ್ನು ಎಂದಿಗೂ ನಿವಾರಿಸಲಾರದ ಅದೇ ಯಜ್ಞಗಳನ್ನು ಮತ್ತೆ ಮತ್ತೆ ಅರ್ಪಿಸುತ್ತಾನೆ. ಕ್ರಿಸ್ತನಾದರೋ ಪಾಪಗಳಿಗಾಗಿ ಒಂದೇ ಯಜ್ಞವನ್ನು ಅರ್ಪಿಸಿ ದೇವರ ಬಲಗಡೆಯಲ್ಲಿ ಕೂತುಕೊಂಡನು. ಒಬ್ಬರು ನಿಂತಿದ್ದಾರೆ, ಒಬ್ಬನು ಕೂತಿದ್ದಾನೆ. ಯಾಜಕರು ಸೇವೆ ಮಾಡುತ್ತಿದ್ದ ದೇವದರ್ಶನದ ಗುಡಾರದ ಸಾಮಾನುಗಳ ಪಟ್ಟಿಯನ್ನು ಓದಿ ನೋಡಿ: ಮೇಜಿದೆ, ದೀಪಸ್ತಂಭವಿದೆ, ಧೂಪವೇದಿಯಿದೆ, ಆದರೆ ಯಾಜಕನು ಕೂರುವ ಪೀಠವೊಂದು ಇಲ್ಲ. ಮುಗಿಯದ ಕೆಲಸ ಮಾಡುವವನಿಗೆ ಪೀಠವೇಕೆ?

ಆ ಪತ್ರಿಕೆ ‘ಒಂದೇ ಸಾರಿ’ ಎಂಬರ್ಥದ ಗ್ರೀಕ್ ಪದವನ್ನು ಪಟ್ಟುಹಿಡಿದು ಬಳಸುತ್ತದೆ. ಐದನೆಯ ಶತಮಾನದ ಆರಂಭದಲ್ಲಿ ಬಿಷಪ್ ಅಗಸ್ಟೀನನು, ಲೋಕದಲ್ಲಿ ನಡೆದದ್ದೆಲ್ಲ ಯುಗಯುಗಗಳಲ್ಲಿ ಹಾಗೆಯೇ ಮರಳಿ ಮರಳಿ ನಡೆಯುತ್ತದೆ ಎಂದು ಕಲಿಸುತ್ತಿದ್ದ ತತ್ತ್ವಜ್ಞಾನಿಗಳಿಗೆ ಉತ್ತರ ಕೊಡುವಾಗ ಕೈಗೆತ್ತಿಕೊಂಡದ್ದೂ ಇದೇ ಮಾತನ್ನು: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಒಂದೇ ಸಾರಿ ಸತ್ತನು, ಸತ್ತವರೊಳಗಿಂದ ಎದ್ದುಬಂದವನು ಇನ್ನು ಸಾಯುವುದಿಲ್ಲ. ಸುತ್ತುವ ಚಕ್ರದೊಳಗೆ ಮರಳಿ ಬಾರದ, ಮರಳಿ ಬರಬೇಕಾಗಿಯೂ ಇಲ್ಲದ ಒಂದು ಘಟನೆ ನಡೆದುಹೋಗಿದೆ. ನಾನು ಇದನ್ನು ಹಲವು ವರ್ಷ ಸಿದ್ಧಾಂತವಾಗಿ ಮಾತ್ರ ಬೋಧಿಸಿದೆ. ಇದರ ಬಳಕೆ ಏನೆಂದು ತಿಳಿದದ್ದು ತಡವಾಗಿ. ಮುಗಿಯಬೇಕಾದದ್ದು ಮುಗಿದಿದೆ ಎಂದಾದರೆ, ನನ್ನ ದಿನದಿನದ ಕೆಲಸ ಏನನ್ನೂ ಮುಗಿಸಬೇಕಾಗಿಲ್ಲ. ಪಾತ್ರೆ ತೊಳೆದದ್ದು ಸಂಜೆಗೆ ಮತ್ತೆ ಕೊಳೆಯಾದರೆ ನಾನು ಸೋತೆನೆಂದು ಅರ್ಥವಲ್ಲ, ಏಕೆಂದರೆ ನನ್ನ ಬದುಕು ಸಾರ್ಥಕವೆಂದು ತೋರಿಸುವ ಹೊಣೆ ಆ ಪಾತ್ರೆಯ ಮೇಲೆ ಇರಲೇ ಇಲ್ಲ.

ಯೇಸುವಿನ ಬದುಕೇ ಈ ಮಾತಿಗೆ ಸಾಕ್ಷಿ. ಆತನು ಬೋಧನೆ ಆರಂಭಿಸಿದಾಗ ಸುಮಾರು ಮೂವತ್ತು ವರ್ಷದವನಾಗಿದ್ದನೆಂದು ಲೂಕನು ಬರೆಯುತ್ತಾನೆ. ಅಲ್ಲಿಯವರೆಗಿನ ವರ್ಷಗಳ ಬಗ್ಗೆ ಸುವಾರ್ತೆಗಳು ಹೇಳುವುದು ಬಹಳ ಕಡಿಮೆ. ಊರಿನವರು ಆತನನ್ನು ಬಡಗಿಯೆಂದೇ ಗುರುತಿಸುತ್ತಿದ್ದರೆಂದು ಮಾರ್ಕನಿಂದ ತಿಳಿಯುತ್ತದೆ. ಮರ ಕಡಿಯುವುದು, ಅಳೆಯುವುದು, ಕೆತ್ತುವುದು, ಕೂಡಿಸುವುದು. ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನವಾದಾಗ ‘ನೀನು ನನ್ನ ಪ್ರಿಯ ಮಗನು, ನಿನ್ನನ್ನು ಮೆಚ್ಚಿದ್ದೇನೆ’ ಎಂಬ ವಾಣಿ ಕೇಳಿಸಿತಲ್ಲ, ಅದು ಸಾರ್ವಜನಿಕ ಸೇವೆಯ ಮೊದಲ ದಿನಕ್ಕೂ ಮುಂಚಿನ ಮಾತು. ಒಂದು ಸೂಚಕಕಾರ್ಯವೂ ಆಗಿಲ್ಲ, ಒಂದು ಪ್ರಸಂಗವೂ ಆಗಿಲ್ಲ. ತಂದೆ ಮೆಚ್ಚಿದ ಮಗನ ಹಿಂದೆ ಆಗ ಇದ್ದದ್ದು ಉಳಿ ಹಿಡಿದ ವರ್ಷಗಳು ಮಾತ್ರ.

ಅಪೊಸ್ತಲ ಪೌಲನ ಮಾತೊಂದನ್ನು ಇಲ್ಲಿ ಸೇರಿಸಲೇಬೇಕು. ಪ್ರಸಂಗಿಯ ‘ಹೆವೆಲ್’ಗೆ ಹಳೆಯ ಗ್ರೀಕ್ ಅನುವಾದಕರು ಬಳಸಿದ ಪದವನ್ನೇ ಅವನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಬಳಸುತ್ತಾನೆ: ಸೃಷ್ಟಿಯು ವ್ಯರ್ಥತ್ವಕ್ಕೆ ಒಳಗಾಗಿದೆ, ಆದರೆ ನಿರೀಕ್ಷೆಯಿಲ್ಲದೆ ಅಲ್ಲ. ಅಂದರೆ ನಿಮಗಾಗುತ್ತಿರುವ ದಣಿವು ಕಲ್ಪನೆಯಲ್ಲ, ಲೋಕ ನಿಜವಾಗಿಯೂ ಹಾಗಿದೆ, ಇಡೀ ಸೃಷ್ಟಿಯೇ ನರಳುತ್ತಿದೆ. ಇನ್ನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನೈದನೆಯ ಅಧ್ಯಾಯದಲ್ಲಿ ಪುನರುತ್ಥಾನದ ಬಗ್ಗೆ 57 ವಚನಗಳಷ್ಟು ವಾದ ಮಾಡಿದ ಮೇಲೆ ಅವನು ಬಂದು ನಿಲ್ಲುವುದು ಎಲ್ಲಿ? ‘ಕರ್ತನಲ್ಲಿ ನಿಮ್ಮ ಪ್ರಯಾಸವು ನಿಷ್ಫಲವಾಗುವುದಿಲ್ಲ’ ಎಂಬಲ್ಲಿ. ಪ್ರಯಾಸವೆಂದರೆ ಬೆವರು ಸುರಿಸುವ ಕೆಲಸ. ಅದಾದ ಮೇಲಿನ ಸಾಲುಗಳನ್ನು ನೋಡಿದರೆ ನನಗೆ ಪ್ರತಿ ಸಲವೂ ನಗು ಬರುತ್ತದೆ: ಸತ್ತವರನ್ನು ಎಬ್ಬಿಸುವ ಕಡೇ ತುತೂರಿಯ ಧ್ವನಿ ಇನ್ನೂ ಕಿವಿಯಲ್ಲಿರುವಾಗಲೇ ಅವನು ಚಂದಾ ಹಣದ ವಿಷಯ ತೆಗೆಯುತ್ತಾನೆ, ಪ್ರತಿ ವಾರದ ಮೊದಲನೆಯ ದಿನ ನಿಮ್ಮ ನಿಮ್ಮ ಸಂಪಾದನೆಗೆ ತಕ್ಕಂತೆ ಸ್ವಲ್ಪ ಎತ್ತಿಡಿ ಎಂದು. ಪುನರುತ್ಥಾನವನ್ನು ನಂಬಿದವರು ಮರುಗಳಿಗೆಯಲ್ಲೇ ವಾರದ ಲೆಕ್ಕಕ್ಕೆ ಕೈಹಾಕುವುದರಲ್ಲಿ ಪೌಲನಿಗೆ ಯಾವ ವಿರೋಧಾಭಾಸವೂ ಕಾಣಲಿಲ್ಲ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಭಾವನೆಯಿಲ್ಲದ ಪ್ರಾರ್ಥನೆ ಕಪಟವೇ?

ಹೇಳಿದ್ದನ್ನೇ ಹೇಳಬೇಡಿ ಎಂದು ಯೇಸು ಮತ್ತಾಯನ ಆರನೆಯ ಅಧ್ಯಾಯದಲ್ಲಿ ಕಲಿಸಿದ್ದಾನಲ್ಲ ಎಂದು ಕೆಲವರು ನಿಮಗೆ ಹೇಳಿರಬಹುದು. ಆ ವಚನವನ್ನು ಪೂರ್ತಿ ಓದಬೇಕು. ಹೆಚ್ಚು ಮಾತುಗಳಿಂದ ದೇವರನ್ನು ಒಲಿಸಬಹುದೆಂದು ತಿಳಿದು ಮಾತು ಸುರಿಯುವುದನ್ನು ಆತನು ತಳ್ಳಿಹಾಕಿದನೇ ಹೊರತು ಪುನರಾವರ್ತನೆಯನ್ನಲ್ಲ. ಅದೇ ಯೇಸು ತನ್ನನ್ನು ಹಿಡಿದೊಯ್ದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಮೂರನೆಯ ಸಾರಿಯೂ ‘ಅದೇ ಮಾತನ್ನು ಹೇಳಿ’ ಪ್ರಾರ್ಥಿಸಿದನೆಂದು ಅದೇ ಮತ್ತಾಯನು ಬರೆದಿದ್ದಾನೆ. 136ನೆಯ ಕೀರ್ತನೆಯ 26 ವಚನಗಳಲ್ಲಿ ಪ್ರತಿಯೊಂದೂ ಆತನ ಕೃಪೆ ಶಾಶ್ವತವೆಂಬ ಒಂದೇ ಮಾತಿನಿಂದ ಮುಗಿಯುತ್ತದೆ. ಹಾಡಿದ್ದನ್ನೇ ಹಾಡುವ ಕಿಸುಬಾಯಿ ದಾಸನೆಂದು ಕೀರ್ತನೆಗಾರನನ್ನು ಯಾರೂ ಹಂಗಿಸಲಿಲ್ಲ. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಎಂಬ ಬೇಡಿಕೆಯಂತೂ ನಾಳೆ ಮತ್ತೆ ಹೇಳಬೇಕಾಗುವಂತೆಯೇ ರಚಿತವಾಗಿದೆ. ಅದು ಮನ್ನದ ಪ್ರಾರ್ಥನೆ.

ಕಪಟವೆಂದರೆ ಇಲ್ಲದ ಭಕ್ತಿಯನ್ನು ಮನುಷ್ಯರ ಮುಂದೆ ಇದೆಯೆಂದು ತೋರಿಸುವುದು. ಒಳಗೆ ಒಣಗಿದ್ದರೂ, ಒಣಗಿದೆ ಎಂದು ತಿಳಿದೂ, ದೇವರ ಮುಂದೆ ಬಂದು ನಿಲ್ಲುವುದಕ್ಕೆ ಬೇರೆಯೇ ಹೆಸರಿದೆ. ಅದೇನೆಂದು ನನಗೆ ಕಲಿಸಿದವರು ನನ್ನ ಪರಿಚಯದ ಹಿರಿಯರೊಬ್ಬರು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಒಂದು ಸಂಜೆ ಅವರ ಮನೆಯಲ್ಲಿ ಒಂದು ತಾಸು ಕೂತಿದ್ದೆ. ಆಕೆ ಕಿಟಕಿಯ ಪಕ್ಕದ ಕುರ್ಚಿಯಿಂದ ‘ಮಗ ಬಂದನೇ?’ ಎಂದು ಕೇಳುತ್ತಿದ್ದರು; ಐದು ನಿಮಿಷವಾದರೆ ಅದೇ ಪ್ರಶ್ನೆ. ಆ ಹಿರಿಯರು ಗುಳಿಗೆಯ ಡಬ್ಬಿಯ ಏಳು ಮನೆಗಳಿಗೆ ವಾರದ ಗುಳಿಗೆಗಳನ್ನು ಎಣಿಸಿ ಹಾಕುತ್ತಿದ್ದರು. ಪ್ರಶ್ನೆ ಬಂದಾಗಲೆಲ್ಲ ಎಣಿಕೆ ನಿಲ್ಲಿಸಿ, ಕತ್ತೆತ್ತಿ, ‘ಶನಿವಾರ ಬರುತ್ತಾನೆ, ನಿನ್ನ ಜೊತೆ ಊಟ ಮಾಡುತ್ತಾನೆ’ ಎಂದು ಇಡೀ ವಾಕ್ಯವನ್ನು ಹೇಳುತ್ತಿದ್ದರು. ‘ಶನಿವಾರ’ ಎಂದಷ್ಟೇ ಹೇಳಿ ಒಮ್ಮೆಯೂ ಮುಗಿಸಲಿಲ್ಲ. ಎಣಿಕೆ ತಪ್ಪಿ ಬುಧವಾರದ ಮನೆಯನ್ನು ಎರಡು ಸಲ ಖಾಲಿ ಮಾಡಿ ತುಂಬಿದ್ದನ್ನು ನಾನು ನೋಡಿದೆ. ಬೀಳ್ಕೊಡಲು ಬಾಗಿಲವರೆಗೆ ಬಂದಾಗ, ದಣಿವಾಗುವುದಿಲ್ಲವೇ ಎಂದು ಕೇಳಿದೆ. ‘ಆಗುತ್ತದೆ. ಕೆಲವು ದಿನ ರೇಗಿಯೂಬಿಡುತ್ತೇನೆ. ಆದರೆ ಅವಳು ಕೇಳುವುದು ಮೊದಲನೆಯ ಸಲ ತಾನೆ’ ಎಂದರು.

ಆ ಸಂಜೆ ಹತ್ತನೆಯ ಸಲ ಉತ್ತರ ಹೇಳುವಾಗ ಅವರೊಳಗೆ ಪ್ರೀತಿಯ ಭಾವ ಉಕ್ಕುತ್ತಿತ್ತೆಂದು ನನಗೆ ಅನ್ನಿಸಲಿಲ್ಲ. ಆದರೂ ಆ ಉತ್ತರವನ್ನು ಕಪಟವೆಂದು ಕರೆಯುವ ಧೈರ್ಯ ಯಾರಿಗಿದೆ? ಭಾವನೆ ಬತ್ತಿದ ಮೇಲೂ ಮಾತು ಉಳಿಸಿಕೊಳ್ಳುವುದನ್ನು ನಾವು ನಿಷ್ಠೆ ಎನ್ನುತ್ತೇವೆ. ನಿಮ್ಮ ಒಣ ಪ್ರಾರ್ಥನೆಯನ್ನು ನಾನು ಆ ಸಾಲಿನಲ್ಲೇ ಇಡುತ್ತೇನೆ.

ಈ ಒಣಗುವಿಕೆ ಹೊಸ ಕಾಲದ ಕಾಯಿಲೆಯೂ ಅಲ್ಲ. ಕ್ರಿ.ಶ. 399ರಲ್ಲಿ ತೀರಿಕೊಂಡ, ಐಗುಪ್ತದ ಮರುಭೂಮಿಯಲ್ಲಿ ಸನ್ಯಾಸಿಯಾಗಿದ್ದ ಎವಾಗ್ರಿಯನು ಇದಕ್ಕೆ ನಡುಹಗಲಿನ ದೆವ್ವವೆಂದು ಹೆಸರಿಟ್ಟಿದ್ದನು. ಅದು ಹಿಡಿದಾಗ ಸೂರ್ಯ ಕದಲುವುದೇ ಇಲ್ಲ, ಹಗಲಿಗೆ ಐವತ್ತು ತಾಸು ಇರುವಂತೆ ತೋರುತ್ತದೆ, ಊಟದ ಹೊತ್ತಾಯಿತೇ ಎಂದು ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಇರುವ ಜಾಗವೂ ಮಾಡುವ ಕೆಲಸವೂ ಅಸಹ್ಯವಾಗಿ ಬೇರೆಲ್ಲಾದರೂ ಹೋದರೆ ದೇವರನ್ನು ಚೆನ್ನಾಗಿ ಸೇವಿಸಬಹುದಿತ್ತು ಅನ್ನಿಸುತ್ತದೆ. ದಿನವಿಡೀ ಪ್ರಾರ್ಥಿಸಲೆಂದೇ ಎಲ್ಲವನ್ನೂ ಬಿಟ್ಟುಹೋದವರ ಕಥೆಯೇ ಹೀಗಿದ್ದ ಮೇಲೆ, ಎರಡು ಊಟದ ಡಬ್ಬಿ ಕಟ್ಟುವ ನಡುವೆ ಪ್ರಾರ್ಥಿಸುವವರು ತಮ್ಮನ್ನು ತಾವು ಇಷ್ಟೊಂದು ಹಳಿದುಕೊಳ್ಳಬೇಕಾಗಿಲ್ಲ.

ಆದರೆ ಎಲ್ಲ ಬತ್ತುವಿಕೆಯೂ ಆತ್ಮಿಕವಲ್ಲ. ನಿದ್ದೆ ಬಾರದಿರುವುದು ಅಥವಾ ನಿದ್ದೆಯಿಂದ ಏಳಲಾಗದಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡವಾಗುವುದು, ಸತ್ತರೆ ಚೆನ್ನಾಗಿತ್ತು ಎಂಬ ಯೋಚನೆ, ಇವು ವಾರಗಟ್ಟಲೆ ಕಾಡುತ್ತಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ತಡಮಾಡಬೇಡಿ. ಇದರಲ್ಲಿ ನಂಬಿಕೆಗೆ ಕುಂದೇನೂ ಇಲ್ಲ. ಜಾಲೀಗಿಡದ ಕೆಳಗೆ ಕೂತು ‘ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು’ ಎಂದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟನು, ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಉಣ್ಣಿಸಿದನು. ಮಾತುಕತೆ ನಡೆದದ್ದು ಹೋರೇಬ್ ಬೆಟ್ಟದಲ್ಲಿ, ನಲವತ್ತು ದಿನದ ದಾರಿ ನಡೆದ ಮೇಲೆ.

ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಎರಡು ಮಾತು ಹೇಳುತ್ತೇನೆ. ವಾರಕ್ಕೊಂದು ದಿನ, ಅದು ಸಾಧ್ಯವಾಗದಿದ್ದರೆ ಅರ್ಧ ದಿನ, ಲೆಕ್ಕವನ್ನು ನಿಲ್ಲಿಸಿ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಆಜ್ಞೆಗೆ ವಿಮೋಚನಕಾಂಡವು ಕೊಡುವ ಕಾರಣ ಸೃಷ್ಟಿ. ಧರ್ಮೋಪದೇಶಕಾಂಡ ಕೊಡುವ ಕಾರಣವಾದರೋ ‘ಐಗುಪ್ತದಲ್ಲಿ ದಾಸನಾಗಿದ್ದುದನ್ನು ನೆನಪುಮಾಡಿಕೋ’ ಎಂಬುದು. ದಾಸನಿಗೆ ಕೆಲಸ ನಿಲ್ಲಿಸುವ ಅಧಿಕಾರವಿರುವುದಿಲ್ಲ. ಮನೆಯಲ್ಲಿ ಒಂದು ಹೊತ್ತಿನ ಅಡುಗೆಯನ್ನು ಬೇರೆಯವರು ಮಾಡುವಂತೆಯೋ, ಹಿಂದಿನ ದಿನದ್ದನ್ನೇ ಎಲ್ಲರೂ ಉಣ್ಣುವಂತೆಯೋ ಏರ್ಪಾಡು ಮಾಡಿಕೊಳ್ಳಿ. ಭಾನುವಾರವೆಂದರೆ ಎರಡರಷ್ಟು ಅಡುಗೆ ಎಂದಾಗಿರುವ ಮನೆಗಳಲ್ಲಿ ಹೆಂಗಸರಿಗೆ ಸಬ್ಬತ್ತೇ ಇರುವುದಿಲ್ಲ, ಇದನ್ನು ಸಭಾಪಾಲಕರು ಗಂಡಸರಿಗೆ ಹೇಳಬೇಕಾದಷ್ಟು ಹೇಳಿಲ್ಲ. ಎರಡನೆಯದು, ದಿನವೂ ಬರುವ ಕೆಲಸಗಳಲ್ಲಿ ನಿಮಗೆ ಅತಿ ಬೇಸರದ್ದನ್ನು ಆರಿಸಿಕೊಂಡು ಅದಕ್ಕೆ ಒಂದು ಚಿಕ್ಕ ಪ್ರಾರ್ಥನೆಯನ್ನು ಜೋಡಿಸಿ, ಒಂದೇ ಸಾಲು ಸಾಕು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಸಹೋದರ ಲಾರೆನ್ಸನು ದೇವರ ಸನ್ನಿಧಿಯನ್ನು ಪಾತ್ರೆಪಡಗಗಳ ನಡುವೆ ಕಂಡವನೆಂದು ಹೆಸರಾಗಿದ್ದಾನೆ. ಅವನಿಗೆ ಅಡುಗೆಮನೆಯ ಕೆಲಸವೆಂದರೆ ಸ್ವಭಾವತಃ ಆಗುತ್ತಿರಲಿಲ್ಲ ಎಂಬುದನ್ನು ಹೇಳುವವರು ಕಡಿಮೆ.

ಅದೇ ಪಾಪ, ಅದೇ ಅರಿಕೆ ಎಂದು ಬರೆದಿದ್ದೀರಿ. ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಕೇಳಿದ ಶಿಷ್ಯ ಪೇತ್ರನಿಗೆ ಯೇಸು ಏಳೆಪ್ಪತ್ತು ಸಾರಿ ಎಂದನು. ನಮ್ಮಿಂದ ಅಷ್ಟು ನಿರೀಕ್ಷಿಸಿದ ದೇವರು ತಾನು ಅದಕ್ಕಿಂತ ಕಡಿಮೆಗೆ ನಿಲ್ಲುವುದಿಲ್ಲ. ಆ ಪೇತ್ರನಿಗೇ ಆಮೇಲೆ ಏನಾಯಿತೆಂಬುದನ್ನು ಯೋಹಾನನ ಕೊನೆಯ ಅಧ್ಯಾಯದಲ್ಲಿ ಓದಿ. ಪುನರುತ್ಥಾನ ಆಗಿಹೋಗಿದೆ, ಶಿಷ್ಯರು ಆತನನ್ನು ಕಣ್ಣಾರೆ ನೋಡಿಯೂ ಆಗಿದೆ, ಆದರೂ ಪೇತ್ರ ‘ನಾನು ಮೀನು ಹಿಡಿಯಲು ಹೋಗುತ್ತೇನೆ’ ಎನ್ನುತ್ತಾನೆ. ಹಳೆಯ ದೋಣಿ, ಹಳೆಯ ಬಲೆ, ಹಳೆಯ ಕೆಲಸ. ರಾತ್ರಿಯೆಲ್ಲ ಬಲೆ ಬೀಸಿದರೂ ಏನೂ ಸಿಗಲಿಲ್ಲ. ಬೆಳಗಾಗುವಾಗ ಯೇಸು ದಡದಲ್ಲಿ ನಿಂತಿದ್ದಾನೆ. ಆತನು ಹೇಳಿದಂತೆ ಮತ್ತೆ ಬೀಸಿದ ಬಲೆಗೆ ಬಿದ್ದ ಮೀನು 153, ಯಾರೋ ಕೂತು ಎಣಿಸಿದ್ದಾರೆ. ದಡದಲ್ಲಿ ಕೆಂಡದ ಬೆಂಕಿ. ಕೆಂಡಕ್ಕೆ ಅಲ್ಲಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: ಮಹಾಯಾಜಕನ ಅಂಗಳದಲ್ಲಿ, ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ಯೇಸುವನ್ನು ಅರಿಯೆನೆಂದ ಬೆಂಕಿಗೆ. ಮೊದಲು ‘ಬನ್ನಿ, ಊಟ ಮಾಡಿ’ ಎಂಬ ಕರೆ, ಊಟವಾದ ಮೇಲೆ ‘ನನ್ನನ್ನು ಪ್ರೀತಿಸುತ್ತೀಯೋ’ ಎಂಬ ಪ್ರಶ್ನೆ, ಮೂರು ಸಾರಿ. ಪ್ರತಿ ಉತ್ತರಕ್ಕೂ ಸಿಗುವುದು ಒಂದೇ ಕೆಲಸ, ಕುರಿಗಳನ್ನು ಮೇಯಿಸುವುದು, ಮತ್ತು ಕುರಿಗಳು ಮರುದಿನವೂ ಹಸಿಯುತ್ತವೆ. ಈ ಸೋಮವಾರ ಮಕ್ಕಳು ಶಾಲೆಗೆ ಹೋದ ಮೇಲೆ ಆ ಅಧ್ಯಾಯವನ್ನು ನಿಧಾನವಾಗಿ ಓದಿ. ಅದೇ ಪ್ರಶ್ನೆಯನ್ನು ಮೂರನೆಯ ಸಾರಿ ಕೇಳಿದಾಗ ಪೇತ್ರನು ನೊಂದುಕೊಂಡನೆಂದು 17ನೆಯ ವಚನ ಹೇಳುತ್ತದೆ. ನೊಂದುಕೊಂಡೇ ಅವನು ಅದಕ್ಕೂ ಉತ್ತರ ಕೊಟ್ಟನು.